ಆರ್‌ಸಿಸಿಬಿ ಪದೇ ಪದೇ ಟ್ರಿಪ್ ಆಗುತ್ತಿದ್ದರೆ: ಮನೆಯವರೇ ದೋಷ ಹುಡುಕುವ ಬಗೆ

ಮೋಟಾರ್ ಹಾಕಿದರೆ ಆರ್‌ಸಿಸಿಬಿ (ಕರೆಂಟು ಅರ್ತ್‌ಗೆ ಸೋರಿದರೆ ತಾನಾಗಿ ಕಡಿಯುವ ಸಾಧನ) ಬಿದ್ದು ಇಡೀ ಮನೆಯ ಕರೆಂಟು ಹೋಗುತ್ತದೆ. ಮೋಟಾರ್ ಬಿಚ್ಚಿ ಅಂಗಡಿಗೆ ಒಯ್ದರೆ ಅಲ್ಲಿ ಸರಿಯಾಗಿಯೇ ಓಡುತ್ತದೆ. ಮರಳಿ ತಂದು ಜೋಡಿಸಿದರೆ ಮತ್ತೆ ಅದೇ ಕಥೆ. ದೋಷ ಮೋಟಾರಿನಲ್ಲಿ ಇಲ್ಲದೆ ಇರುವುದರಿಂದಲೇ ಹೀಗಾಗುತ್ತದೆ. ಗೇಟಿನ ದೀಪದಲ್ಲೋ, ಬಚ್ಚಲುಮನೆಯ ಒದ್ದೆ ಗೋಡೆಯ ಹಿಂದೆಯೋ ನ್ಯೂಟ್ರಲ್ ವೈರು (ಕರೆಂಟು ಮರಳುವ ವೈರು) ಅರ್ತ್‌ಗೆ ತಾಗಿರುತ್ತದೆ. ಮೋಟಾರ್ ಮಾಡಿದ್ದು ಇಷ್ಟೇ: ನ್ಯೂಟ್ರಲ್‌ನಲ್ಲಿ ಹೆಚ್ಚು ಕರೆಂಟು ಹರಿಸಿ ಆ ದೋಷವನ್ನು ಬಯಲಿಗೆಳೆದದ್ದು. ಎಲ್ಲರೂ ಫೇಸ್ (ಕರೆಂಟು ಬರುವ ವೈರು) ಹಿಡಿದು ಹುಡುಕುತ್ತಾರೆ, ನ್ಯೂಟ್ರಲ್ ಕಡೆ ಯಾರೂ ನೋಡುವುದಿಲ್ಲ. ಈ ಬರಹದ ಅರ್ಧ ಭಾಗ ಅದರ ಬಗ್ಗೆಯೇ.

ಬಿದ್ದದ್ದು ಯಾವುದು?

ಡಿಬಿ ಬಾಕ್ಸಿನಲ್ಲಿ (ಮನೆಯ ಸರ್ಕ್ಯೂಟ್‌ಗಳೆಲ್ಲ ಹೊರಡುವ ಪೆಟ್ಟಿಗೆ) ‘ಟಿ’ ಎಂದು ಬರೆದ ಸಣ್ಣ ಗುಂಡಿ ಇರುವ, ಎರಡು ಎಂಸಿಬಿಯಷ್ಟು (ಎಂಸಿಬಿ ಎಂದರೆ ಒಂದೊಂದು ಸರ್ಕ್ಯೂಟ್‌ನ ಸ್ವಿಚ್) ಅಗಲದ ಸಾಧನವೇ ಆರ್‌ಸಿಸಿಬಿ. ಹಳೆಯ ಎಲೆಕ್ಟ್ರಿಷಿಯನ್ನರು ಇದನ್ನು ಈಗಲೂ ಇಎಲ್‌ಸಿಬಿ ಎನ್ನುತ್ತಾರೆ. ಮೂರು ಫೇಸ್ ಮನೆಯಲ್ಲಿ ಇದು ನಾಲ್ಕು ಎಂಸಿಬಿಯಷ್ಟು ಅಗಲ ಇರುತ್ತದೆ. ಬಿದ್ದದ್ದು ಎಂಸಿಬಿಯಾದರೆ ಅದು ಓವರ್‌ಲೋಡ್ ಅಥವಾ ಶಾರ್ಟ್ ಸರ್ಕ್ಯೂಟ್, ಈ ಕೈಪಿಡಿ ಅದಕ್ಕಲ್ಲ. ಆರ್‌ಸಿಸಿಬಿ ಓವರ್‌ಲೋಡಿಗೆ ಬೀಳುವುದೇ ಇಲ್ಲ. ಫೇಸ್‌ನಲ್ಲಿ ಹೋದ ಕರೆಂಟು ಪೂರ್ತಿಯಾಗಿ ನ್ಯೂಟ್ರಲ್‌ನಲ್ಲಿ ಮರಳಿತೇ ಎಂಬುದೊಂದೇ ಅದರ ಲೆಕ್ಕ. ಮನೆಗೆ ಹಾಕುವುದು 30 ಮಿಲಿ ಆಂಪಿಯರ್‌ನದು, ಮತ್ತು ಮಾನದಂಡದ ಪ್ರಕಾರ ಅದು 15ರಿಂದ 30 ಮಿಲಿ ಆಂಪಿಯರ್‌ನೊಳಗೆ ಎಲ್ಲಿ ಬೇಕಾದರೂ ಬೀಳಬಹುದು. ಹಾಗಾಗಿ 20 ಮಿಲಿ ಆಂಪಿಯರ್ ಸೋರಿಕೆಗೆ ಬಿದ್ದರೆ ಸಾಧನ ಕೆಟ್ಟಿದೆ ಎಂದಲ್ಲ.

230 ವೋಲ್ಟ್‌ನಲ್ಲಿ 15 ಮಿಲಿ ಆಂಪಿಯರ್ ಸೋರಬೇಕಾದರೆ ಫೇಸ್‌ಗೂ ಅರ್ತ್‌ಗೂ ನಡುವೆ ಸುಮಾರು 15 ಕಿಲೋ ಓಮ್ ಪ್ರತಿರೋಧ ಸಾಕು. ನ್ಯೂಟ್ರಲ್‌ನ ಲೆಕ್ಕ ಬೇರೆ. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಇರುವುದೇ ಒಂದೆರಡು ವೋಲ್ಟ್. 2 ವೋಲ್ಟ್‌ನಲ್ಲಿ 15 ಮಿಲಿ ಆಂಪಿಯರ್ ಹರಿಯಬೇಕಾದರೆ ಪ್ರತಿರೋಧ 130 ಓಮ್‌ಗೆ ಇಳಿದಿರಬೇಕು. ಇಷ್ಟು ಕಡಿಮೆ ಓಮ್ ಸಾಧಾರಣ ಮಲ್ಟಿಮೀಟರಿಗೂ ಸಲೀಸಾಗಿ ಸಿಗುತ್ತದೆ. ನ್ಯೂಟ್ರಲ್ ದೋಷ ಹುಡುಕಲು ದುಬಾರಿ ಉಪಕರಣ ಬೇಡ ಎನ್ನುವುದು ಇದೇ ಕಾರಣಕ್ಕೆ.

ನಿಮ್ಮ ಕೆಲಸ ಎಲ್ಲಿಯವರೆಗೆ?

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು, 2010ರವೂ ಅವುಗಳ ಜಾಗಕ್ಕೆ ಬಂದ 2023ರವೂ, ಗೆರೆ ಎಳೆದಿವೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, 250 ವೋಲ್ಟ್ ಒಳಗಿನ ಗೃಹೋಪಕರಣ ಇವನ್ನು ವೈರಿಂಗ್‌ನ ಸಾಮರ್ಥ್ಯ, ಸ್ವರೂಪ ಬದಲಾಗದ ಹಾಗೆ ನೀವೇ ಬದಲಿಸಬಹುದು. ಹೊಸ ಪಾಯಿಂಟ್ ಎಳೆಯುವುದು, ಡಿಬಿಯೊಳಗೆ ಬದಲಾವಣೆ, ವೈರಿಂಗ್ ದುರಸ್ತಿ ಇವೆಲ್ಲ ಪರವಾನಗಿ ಇರುವ ಗುತ್ತಿಗೆದಾರರ ಕೆಲಸ. ಕರ್ನಾಟಕದಲ್ಲಿ ಆ ಪರವಾನಗಿ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಮೀಟರ್ ಸೀಲ್ ಮತ್ತು ಅದರ ಆಚೆಯದು ಎಸ್ಕಾಂನವರದು. ಅಲ್ಲಿ ಸುಟ್ಟ ವಾಸನೆ ಬಂದರೆ 1912ಕ್ಕೆ ಫೋನ್ ಮಾಡಿ, ಕೈ ಹಾಕಬೇಡಿ.

ಕೆಳಗಿನ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಡಿಬಿ ಮುಚ್ಚಳ ತೆರೆಯದೆಯೇ ಮಾಡಬಹುದು. ಮುಚ್ಚಳ ತೆರೆಯಬೇಕಾದ ಕಡೆ ಹಾಗೆಂದೇ ಹೇಳಿದ್ದೇವೆ. ಅದನ್ನು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ.

ಮೊದಲು ಯುಪಿಎಸ್ ಆರಿಸಿ

ಇದನ್ನು ಮರೆತವರೇ ಹೆಚ್ಚು ಶಾಕ್ ಹೊಡೆಸಿಕೊಳ್ಳುವುದು. ಆರ್‌ಸಿಸಿಬಿ ಬಿದ್ದ ತಕ್ಷಣ ಯುಪಿಎಸ್ ಕರೆಂಟು ಹೋಯಿತೆಂದುಕೊಂಡು ಬ್ಯಾಟರಿಯಿಂದ ಓಡತೊಡಗುತ್ತದೆ. ದೀಪ, ಫ್ಯಾನಿನ ಸರ್ಕ್ಯೂಟ್‌ಗಳಲ್ಲಿ ಆಗಲೂ 230 ವೋಲ್ಟ್ ಇರುತ್ತದೆ. ಆ ಹೊತ್ತಿನಲ್ಲಿ ಅವುಗಳಿಗೆ ಆರ್‌ಸಿಸಿಬಿಯ ಕಾವಲೂ ಇಲ್ಲ. ಮುಂಭಾಗದ ಸ್ವಿಚ್ ಆರಿಸಿದರೆ ಸಾಲದು, ಮೇನ್ಸ್ ಪ್ಲಗ್ಗನ್ನೂ ಕಿತ್ತಿಡಿ. ಸೋಲಾರ್ ಇನ್ವರ್ಟರ್ ಇದ್ದರೆ ಅದನ್ನೂ ಆರಿಸಿ.

ಯಾವಾಗ ಬೀಳುತ್ತದೆ ಎಂಬುದೇ ಅರ್ಧ ಉತ್ತರ

ಒಂದು ಚೀಟಿಯಲ್ಲಿ ಎರಡು ಮೂರು ದಿನ ಬರೆದಿಡಿ: ಬಿದ್ದ ಹೊತ್ತು, ಆಗ ಓಡುತ್ತಿದ್ದದ್ದು, ಮಳೆ ಇತ್ತೇ.

ಒಂದು ಉಪಕರಣದ ಸ್ವಿಚ್ ಒತ್ತಿದ ಕ್ಷಣವೇ, ಪ್ರತಿ ಸಲ ಬಿದ್ದರೆ ಆ ಉಪಕರಣವನ್ನೇ ಮೊದಲು ಶಂಕಿಸಿ. ಯಾವ ದೊಡ್ಡ ಲೋಡ್ ಹಾಕಿದರೂ, ಇಸ್ತ್ರಿಪೆಟ್ಟಿಗೆಯಾಗಲಿ ಮೋಟಾರಾಗಲಿ ಗೀಜರಾಗಲಿ, ಬೀಳುತ್ತದೆ ಎಂದಾದರೆ ನ್ಯೂಟ್ರಲ್ ಅರ್ತ್‌ಗೆ ತಾಗಿದೆ. ಮನೆಯಲ್ಲಿ ಏನೂ ಹೊಸದಾಗಿ ಹಾಕದಿದ್ದರೂ ಸಂಜೆ ಏಳರ ಸುಮಾರಿಗೆ ತಾನಾಗಿ ಬಿದ್ದರೂ ಅದೇ. ಬೀದಿಯವರೆಲ್ಲ ಕರೆಂಟು ಬಳಸುವ ಆ ಹೊತ್ತಿನಲ್ಲಿ ಲೈನಿನ ನ್ಯೂಟ್ರಲ್ ವೋಲ್ಟೇಜ್ ಏರುತ್ತದೆ, ನಿಮ್ಮ ಮನೆಯ ದೋಷದ ಮೂಲಕ ಅರ್ತ್‌ಗೆ ಹರಿಯುತ್ತದೆ. ಮಳೆ ಬಂದಾಗ ಮಾತ್ರ ಬಿದ್ದರೆ ಹೊರಗಿನ ದೀಪ, ಗೇಟಿನ ಕಾಲಿಂಗ್ ಬೆಲ್, ಟೆರೇಸಿನ ಪಾಯಿಂಟ್. ಒಂದೇ ಒಂದು ಸ್ವಿಚ್, ಅದರಲ್ಲೂ ಮೆಟ್ಟಿಲ ದೀಪದ್ದು, ಒತ್ತಿದಾಗ ಬಿದ್ದರೆ ಅದು ಹೆಚ್ಚಾಗಿ ಸೋರಿಕೆಯೇ ಅಲ್ಲ. ಅದಕ್ಕೆ ಮುಂದೆ ಬರುತ್ತೇವೆ.

ಪ್ಲಗ್ ಕೀಳುವುದು, ಸ್ವಿಚ್ ಆರಿಸುವುದಲ್ಲ

ಗೋಡೆಯ ಸ್ವಿಚ್ ಕಡಿಯುವುದು ಫೇಸ್ ಒಂದನ್ನೇ. ಸಾಧಾರಣ ಒಂಟಿ ಎಂಸಿಬಿಯೂ ಅಷ್ಟೇ. ನ್ಯೂಟ್ರಲ್ ವೈರು ಗೀಜರಿನ ಕಾಯಿಲ್‌ವರೆಗೂ, ವಾಷಿಂಗ್ ಮಷೀನಿನೊಳಗೂ ಸದಾ ಜೋಡಣೆಯಲ್ಲೇ ಇರುತ್ತದೆ. ಕಾಯಿಲ್ ನ್ಯೂಟ್ರಲ್ ತುದಿಯ ಹತ್ತಿರ ಒಡೆದಿದ್ದರೆ ಗೀಜರ್ ಆರಿಸಿಟ್ಟಾಗಲೂ ಆರ್‌ಸಿಸಿಬಿಯನ್ನು ಬೀಳಿಸಬಲ್ಲದು. ‘ಎಲ್ಲ ಸ್ವಿಚ್ ಆಫ್ ಮಾಡಿದರೂ ಬೀಳುತ್ತದೆ, ಆರ್‌ಸಿಸಿಬಿಯೇ ಕೆಟ್ಟಿದೆ’ ಎಂಬ ತೀರ್ಪು ಬಹುತೇಕ ಇಲ್ಲೇ ಹುಟ್ಟುವುದು.

ಹಾಗಾಗಿ ಫ್ರಿಜ್, ಟಿವಿ, ವಾಷಿಂಗ್ ಮಷೀನ್, ಗೀಜರ್, ನೀರಿನ ಫಿಲ್ಟರ್, ಚಿಮಣಿ, ವೈಫೈ ರೂಟರ್‌ವರೆಗೆ ಎಲ್ಲ ಪ್ಲಗ್ ಕಿತ್ತುಹಾಕಿ. ಎಲ್ಲ ಎಂಸಿಬಿ ಕೆಳಗಿಳಿಸಿ. ಈಗ ಆರ್‌ಸಿಸಿಬಿ ಏರಿಸಿ. ನಿಲ್ಲದಿದ್ದರೆ ನೇರವಾಗಿ ಮುಂದಿನ ಪರೀಕ್ಷೆಗೆ ಹೋಗಿ. ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಬನ್ನಿ, ನಡುವೆ ಒಂದು ನಿಮಿಷ ಬಿಡಿ. ಒಂದು ಎಂಸಿಬಿ ಏರಿಸಿದಾಗ ಬಿದ್ದರೆ ಆ ಸರ್ಕ್ಯೂಟ್‌ನಲ್ಲಿ ಫೇಸ್ ಸೋರಿಕೆ. ಎಲ್ಲವೂ ನಿಂತರೂ ಬಿಡಬೇಡಿ. ಲೋಡ್ ಇಲ್ಲದಾಗ ನ್ಯೂಟ್ರಲ್ ದೋಷ ಮೌನವಾಗಿರಬಹುದು. ಇಸ್ತ್ರಿಪೆಟ್ಟಿಗೆ (1000 ವ್ಯಾಟ್ ಎಂದರೆ ಸುಮಾರು 4.3 ಆಂಪಿಯರ್) ಒಂದೊಂದೇ ಕೋಣೆಯಲ್ಲಿ ಹಾಕಿ ನೋಡಿ. ಎಲ್ಲೇ ಹಾಕಿದರೂ ಬಿದ್ದರೆ ಮುಂದಿನ ಪರೀಕ್ಷೆಗೆ ಹೋಗಿ. ಇಸ್ತ್ರಿಪೆಟ್ಟಿಗೆಯದೇ ದೋಷ ಇರಬಾರದಲ್ಲ, ಹಾಗಾಗಿ ಅದನ್ನು ಮೊದಲು ಅಳೆದಿಟ್ಟುಕೊಳ್ಳಿ. ಅಳೆಯುವ ಬಗೆ ಕೆಳಗಿದೆ.

ಒಂದೇ ಸಾಕೆಟ್‌ನಲ್ಲಿ ಇಡೀ ಮನೆಯ ನ್ಯೂಟ್ರಲ್ ಪರೀಕ್ಷೆ

ಆರ್‌ಸಿಸಿಬಿ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ಅದು ಕೆಳಗಿದ್ದಾಗ ಮನೆಯ ನ್ಯೂಟ್ರಲ್‌ಗಳೆಲ್ಲ ಲೈನಿನಿಂದ ಬಿಡಿಸಿಕೊಂಡು, ತಮ್ಮೊಳಗೆ ಮಾತ್ರ ಡಿಬಿಯ ನ್ಯೂಟ್ರಲ್ ಲಿಂಕ್‌ನಲ್ಲಿ ಸೇರಿರುತ್ತವೆ. ಆದ್ದರಿಂದ ಯಾವ ಸಾಕೆಟ್‌ನಲ್ಲಿ ನ್ಯೂಟ್ರಲ್-ಅರ್ತ್ ಅಳೆದರೂ ಆ ಆರ್‌ಸಿಸಿಬಿ ಕೆಳಗಿನ ಇಡೀ ಮನೆಯ ಅಳತೆಯೇ ಸಿಗುತ್ತದೆ.

ಮೇನ್ ಸ್ವಿಚ್ ಆಫ್, ಆರ್‌ಸಿಸಿಬಿ ಆಫ್, ಎಂಸಿಬಿಗಳೆಲ್ಲ ಆಫ್, ಪ್ಲಗ್‌ಗಳೆಲ್ಲ ಹೊರಗೆ, ಯುಪಿಎಸ್ ಆಫ್. ರಂಧ್ರ ಮುಚ್ಚುವ ಶಟರ್ ಇಲ್ಲದ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಚುಚ್ಚಿ, ಅಳತೆ ಅದರ ರಂಧ್ರಗಳಲ್ಲಿ ಮಾಡಿ. ಎದುರು ನಿಂತು ನೋಡಿದರೆ ಮೇಲಿನ ದೊಡ್ಡ ರಂಧ್ರ ಅರ್ತ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಮೊದಲು ಮಲ್ಟಿಮೀಟರನ್ನು 750 ವೋಲ್ಟ್ ಎಸಿಗೆ ತಿರುಗಿಸಿ ಫೇಸ್-ನ್ಯೂಟ್ರಲ್, ಫೇಸ್-ಅರ್ತ್, ನ್ಯೂಟ್ರಲ್-ಅರ್ತ್ ಮೂರನ್ನೂ ನೋಡಿ. ಮೂರೂ ಸೊನ್ನೆ ಇರಬೇಕು. ಟೆಸ್ಟರ್ ಸ್ಕ್ರೂಡ್ರೈವರ್ ಉರಿಯಲಿಲ್ಲ ಎಂಬುದನ್ನು ನಂಬಿ ಮುಂದುವರಿಯಬೇಡಿ. ಆಮೇಲೆ ಓಮ್‌ಗೆ ತಿರುಗಿಸಿ ನ್ಯೂಟ್ರಲ್-ಅರ್ತ್ ಅಳೆಯಿರಿ.

ಮೀಟರ್ ‘ಒಎಲ್’ ಅಥವಾ ಎಡಗಡೆ ಒಂಟಿ 1 (ಅಳತೆ ಮೀರಿದೆ ಎಂದರ್ಥ) ತೋರಿಸಿದರೆ ನ್ಯೂಟ್ರಲ್ ಶುದ್ಧ. ಕೆಲವು ಓಮ್‌ನಿಂದ ಕೆಲವು ನೂರು ಓಮ್ ತೋರಿಸಿದರೆ ಕಳ್ಳ ಸಿಕ್ಕಿದ. ಹತ್ತಾರು ಕಿಲೋ ಓಮ್ ತೋರಿಸಿ ಅಂಕಿ ಓಲಾಡುತ್ತಿದ್ದರೆ ಎಲ್ಲೋ ತೇವ. ಅದು ಇವತ್ತು ಬೀಳಿಸದಿರಬಹುದು, ಮಳೆಗಾಲದಲ್ಲಿ ಬೀಳಿಸುತ್ತದೆ.

ಅಳತೆ ಕೆಟ್ಟಿದ್ದರೆ ಇನ್ನು ಮುಚ್ಚಳ ತೆರೆಯಲೇಬೇಕು, ಅಂದರೆ ಎಲೆಕ್ಟ್ರಿಷಿಯನ್ ಬರಬೇಕು. ಅವರಿಗೆ ಹೇಳಬೇಕಾದ್ದು ಇಷ್ಟು: ಮೀಟರಿನ ಒಂದು ಕಡ್ಡಿ ನ್ಯೂಟ್ರಲ್ ಲಿಂಕ್‌ಗೆ, ಇನ್ನೊಂದು ಅರ್ತ್ ಬಾರ್‌ಗೆ ಇಟ್ಟುಕೊಂಡು ನ್ಯೂಟ್ರಲ್ ವೈರುಗಳನ್ನು ಒಂದೊಂದಾಗಿ ಬಿಚ್ಚುವುದು. ಯಾವ ವೈರು ಹೊರಬಂದಾಗ ಅಂಕಿ ಹಾರಿ ‘ಒಎಲ್’ ಆಗುತ್ತದೋ ಅದರದೇ ದೋಷ. ಹತ್ತು ನಿಮಿಷದ ಕೆಲಸ. ಬಿಚ್ಚಿದ ಪ್ರತಿ ಕಪ್ಪು ವೈರಿಗೂ ಅದು ಯಾವ ಎಂಸಿಬಿಯದು ಎಂದು ಟೇಪಿನ ಮೇಲೆ ಬರೆದು ಅಂಟಿಸಿಸಿ. ಮೇನ್ ಸ್ವಿಚ್‌ನ ಮೇಲುತುದಿಯ ಸ್ಕ್ರೂಗಳಲ್ಲಿ ಆಫ್ ಇದ್ದಾಗಲೂ ಕರೆಂಟು ಇರುತ್ತದೆ.

ಸರ್ಕ್ಯೂಟ್ ಗೊತ್ತಾದ ಮೇಲೆ ಅದನ್ನು ಅರ್ಧ ಅರ್ಧ ಮಾಡುತ್ತ ಹೋಗುವುದು. ಮಧ್ಯದ ಜಂಕ್ಷನ್ ಬಾಕ್ಸಿನಲ್ಲಿ ಬಿಡಿಸಿ, ದೋಷ ಆಚೆಗೋ ಈಚೆಗೋ ಎಂದು ಅಳೆಯುವುದು. ಕೊನೆಗೆ ಸಿಗುವವು ಮಾಮೂಲಿ: ಟ್ಯೂಬ್‌ಲೈಟ್ ಪಟ್ಟಿಯ ತಗಡಿಗೆ ಸಿಕ್ಕಿ ಸಿಪ್ಪೆ ಸುಲಿದ ವೈರು, ಕಬ್ಬಿಣದ ಸ್ವಿಚ್ ಬಾಕ್ಸಿನ ಸ್ಕ್ರೂ ಚುಚ್ಚಿದ ವೈರು, ಇರುವೆ ಗೂಡು ಕಟ್ಟಿದ ಜಂಕ್ಷನ್ ಬಾಕ್ಸ್, ಸಾಕೆಟ್‌ನ ಹಿಂದೆ ಸತ್ತು ಒಣಗಿದ ಹಲ್ಲಿ, ಚಿತ್ರ ತೂಗುಹಾಕಲು ಹೊಡೆದ ಮೊಳೆ.

ಉಪಕರಣ ಅಳೆಯುವುದು

ಮೂರು ಪಿನ್ನಿನ ಪ್ಲಗ್ ಹೊರಗಿರಲಿ, ಉಪಕರಣದ ಸ್ವಂತ ಸ್ವಿಚ್ ಆನ್ ಇರಲಿ. ಎರಡು ಸಣ್ಣ ಪಿನ್‌ಗಳನ್ನೂ ದೊಡ್ಡ ಅರ್ತ್ ಪಿನ್ನಿಗೆ ಹೋಲಿಸಿ ಮೀಟರಿನ ಅತಿ ಹೆಚ್ಚು ಓಮ್ ಅಳತೆಯಲ್ಲಿ ನೋಡಿ. 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಅದನ್ನು ಪಕ್ಕಕ್ಕಿಡಿ. ಇಲ್ಲಿ ಮಲ್ಟಿಮೀಟರಿಗೆ ಒಂದು ಮಿತಿ ಇದೆ. ಅದು ಕೊಡುವುದು ಕೆಲವೇ ವೋಲ್ಟ್, ದೋಷ ತಲೆಯೆತ್ತುವುದು 230ರಲ್ಲಿ. ನಿಜವಾದ ಪರೀಕ್ಷೆ 500 ವೋಲ್ಟ್ ಡಿಸಿ ಮೆಗ್ಗರಿನದು (ಹೆಚ್ಚು ವೋಲ್ಟ್ ಕೊಟ್ಟು ವೈರಿನ ಹೊದಿಕೆಯ ಸೋರಿಕೆ ಅಳೆಯುವ ಮೀಟರ್), ಅದರಲ್ಲೂ 1 ಮೆಗಾ ಓಮ್ ಕನಿಷ್ಠ. ಆದರೆ ಮೆಗ್ಗರ್ ಹಾಕುವ ಮುಂಚೆ ಎಲ್‌ಇಡಿ ದೀಪ, ಫ್ಯಾನ್ ರೆಗ್ಯುಲೇಟರ್, ಯುಪಿಎಸ್, ಸರ್ಜ್ ರಕ್ಷಕ ಎಲ್ಲವನ್ನೂ ಬಿಡಿಸಿರಬೇಕು. ಇಲ್ಲದಿದ್ದರೆ ಒಂದು ದೋಷ ಹುಡುಕಲು ಹೋಗಿ ಐದು ಎಲ್‌ಇಡಿ ಸುಟ್ಟಂತಾಗುತ್ತದೆ.

ಒಂದೊಂದೂ ಸರಿಯಿದ್ದು ಒಟ್ಟಿಗೆ ಬೀಳಿಸುವುದೂ ಉಂಟು. ಕಂಪ್ಯೂಟರ್, ಇನ್ವರ್ಟರ್ ಎಸಿ, ಇನ್ವರ್ಟರ್ ವಾಷಿಂಗ್ ಮಷೀನ್ ಇವುಗಳ ಫಿಲ್ಟರ್‌ಗಳು ಸಹಜವಾಗಿಯೇ ತಲಾ ಒಂದೆರಡು ಮಿಲಿ ಆಂಪಿಯರ್ ಅರ್ತ್‌ಗೆ ಬಿಡುತ್ತವೆ. ಸಹಜ ಸೋರಿಕೆ ಒಟ್ಟು 9 ಮಿಲಿ ಆಂಪಿಯರ್ ದಾಟದಂತೆ, ಅಂದರೆ 30ರ ಶೇ. 30ರೊಳಗೆ, ಸರ್ಕ್ಯೂಟ್‌ಗಳನ್ನು ಎರಡು ಆರ್‌ಸಿಸಿಬಿಗಳಿಗೆ ಹಂಚಿಸುವುದೇ ಪರಿಹಾರ. 30ರದ್ದು ತೆಗೆದು 100ರದ್ದು ಹಾಕಿಸುವುದಲ್ಲ. ಇಂಥ ಉಪಕರಣಗಳಿರುವ ಮನೆಗೆ ಹೊಸದು ಹಾಕಿಸುವಾಗ ‘ಎ’ ಬಗೆಯ (ಡಿಸಿ ಬೆರೆತ ಸೋರಿಕೆಯನ್ನೂ ಗುರುತಿಸುವ) ಆರ್‌ಸಿಸಿಬಿ ಕೇಳಿ, ‘ಎಸಿ’ ಬಗೆಯದಲ್ಲ.

ಗೀಜರ್

ಬೋರ್‌ವೆಲ್‌ನ ಗಡಸು ನೀರು ಬರುವ ಕಡೆ ಕಾಯಿಲ್ ಮೇಲೆ ಬಿಳಿ ಉಪ್ಪು ದಪ್ಪಗೆ ಕಟ್ಟುತ್ತದೆ. ಒಳಗಿನ ಶಾಖ ನೀರಿಗೆ ಇಳಿಯದೆ ಹೊರಕವಚ ಬಿರುಕು ಬಿಡುತ್ತದೆ, ಒಳಗಿನ ಮೆಗ್ನೀಷಿಯಂ ಆಕ್ಸೈಡ್ ಪುಡಿ ನೀರು ಕುಡಿಯುತ್ತದೆ. ಆಮೇಲೆ ಸೋರಿಕೆ.

ವಾರಂಟಿ ಇದ್ದರೆ ಬಿಚ್ಚಬೇಡಿ. ಮುಗಿದಿದ್ದರೆ: ಪ್ಲಗ್ ಕಿತ್ತು, ನೀರು ತಣ್ಣಗಾಗಲು ಬಿಟ್ಟು, ಒಳಬರುವ ಆಂಗಲ್ ಕಾಕ್ ಮುಚ್ಚಿ. ಬಿಸಿನೀರಿನ ನಲ್ಲಿ ತೆರೆದಿಟ್ಟು ಕೆಳಗಿನ ಕನೆಕ್ಷನ್ ಪೈಪ್ ಬಿಚ್ಚಿ ನೀರು ಖಾಲಿ ಮಾಡಿ. 15 ಲೀಟರ್ ಎಂದರೆ 15 ಕಿಲೋ ಎಂಬುದು ನೆನಪಿರಲಿ, ಬಕೆಟ್ ಎರಡು ಇಟ್ಟುಕೊಳ್ಳಿ. ಕೆಳಗಿನ ಮುಚ್ಚಳ ತೆಗೆದು ವೈರುಗಳ ಫೋಟೋ ಹೊಡೆದುಕೊಂಡೇ ಬಿಡಿಸಿ. ಕಾಯಿಲ್‌ನ ಎರಡು ತುದಿಗಳ ನಡುವೆ 2000 ವ್ಯಾಟಿನದಾದರೆ ಸುಮಾರು 26 ಓಮ್, 3000 ವ್ಯಾಟಿನದಾದರೆ ಸುಮಾರು 18 ಓಮ್ ಬರಬೇಕು. ಯಾವ ತುದಿಯಿಂದಲೂ ಫ್ಲೇಂಜ್ (ಕಾಯಿಲ್ ಕೂರಿಸಿದ ತಟ್ಟೆ) ಲೋಹಕ್ಕೆ ಏನೂ ಬರಬಾರದು. ಕಿಲೋ ಓಮ್‌ಗಳಲ್ಲಿ ಬಂದರೂ ಕಾಯಿಲ್ ಹೋಗಿದೆ.

ಬದಲಿ ಕಾಯಿಲ್ ಅದೇ ವ್ಯಾಟ್, ಅದೇ ಫ್ಲೇಂಜಿನದು ಇರಲಿ. ಗ್ಯಾಸ್ಕೆಟ್ ಹೊಸದೇ ಬೇಕು. ತೆಳ್ಳಗೆ ಕರಗಿಹೋಗಿದ್ದರೆ ಆನೋಡ್ ರಾಡ್ (ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಕರಗುವ ಕಡ್ಡಿ) ಕೂಡ. ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಕಡೆಯಿಂದ ಬಿಗಿದರೆ ಗ್ಯಾಸ್ಕೆಟ್ ಓರೆಯಾಗಿ ಕೂತು ನೀರು ಕಾಯಿಲ್ ತುದಿಗಳ ಮೇಲೆಯೇ ತೊಟ್ಟಿಕ್ಕುತ್ತದೆ. ನೀರು ತುಂಬಿಸಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬುಸುಗುಟ್ಟುವುದು ನಿಂತು ಧಾರೆ ಬಂದು, ಅರ್ಧ ಗಂಟೆ ಸೋರಿಕೆ ನೋಡಿದ ಮೇಲಷ್ಟೇ ಪ್ಲಗ್. ನೀರಿಲ್ಲದೆ ಹಾಕಿದರೆ ಹೊಸ ಕಾಯಿಲ್ ಅಲ್ಲೇ ಸುಡುತ್ತದೆ.

ಗೀಜರ್ ಪ್ಲಗ್‌ನ ಅರ್ತ್ ವೈರು ಕತ್ತರಿಸಿ ‘ಈಗ ಬೀಳಲ್ಲ ನೋಡಿ’ ಎಂದು ಹೋಗುವವರಿದ್ದಾರೆ. ಸೋರಿಕೆ ಹಾಗೆಯೇ ಇದೆ, ಹೋಗುವ ದಾರಿ ಮಾತ್ರ ಬದಲಾಗಿದೆ. ಇನ್ನು ಅದು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ನಲ್ಲಿ ತಿರುಗಿಸುವವರ ಮೈಮೂಲಕ ಹೋಗುತ್ತದೆ. ಹಾಗೆ ಮಾಡಿದ್ದು ಕಂಡರೆ ಆ ಗೀಜರ್ ಅವತ್ತೇ ನಿಲ್ಲಿಸಿ.

ಗೋಡೆ ಒದ್ದೆಯಾಗಿದ್ದರೆ ಅದು ಪ್ಲಂಬಿಂಗ್ ದೋಷ

ಸ್ವಿಚ್ ಬಾಕ್ಸಿನೊಳಗೆ ತೇವ ಕಂಡರೆ ವೈರು ಬದಲಿಸಿ ಪ್ರಯೋಜನವಿಲ್ಲ, ನೀರಿನ ಮೂಲ ನಿಲ್ಲಬೇಕು. ದಿನದ 24 ಗಂಟೆಯೂ ಒಂದೇ ರೀತಿ ಒದ್ದೆ ಇದ್ದರೆ ಒಳಬರುವ ನೀರಿನ ಪೈಪು. ಸ್ನಾನವಾದ ಮೇಲೆ ಹೆಚ್ಚಾಗಿ ಮಧ್ಯಾಹ್ನಕ್ಕೆ ಆರಿದರೆ ನೆಲದ ಜಾಲರಿ, ಟೈಲ್ಸ್ ಸಂದು ಅಥವಾ ಹೊರಹೋಗುವ ಪೈಪು. ಮಳೆಗೆ ಮಾತ್ರವಾದರೆ ಟೆರೇಸು. ಖಚಿತಪಡಿಸಿಕೊಳ್ಳಲು ರಾತ್ರಿ ಮಲಗುವಾಗ ಎಲ್ಲ ನಲ್ಲಿ, ಫ್ಲಷ್‌ನ ಕಾಕ್ ಮುಚ್ಚಿ ಟ್ಯಾಂಕಿನ ನೀರಿನ ಮಟ್ಟ ಗುರುತು ಮಾಡಿ. ಬೆಳಗ್ಗೆ ಇಳಿದಿದ್ದರೆ, ಇನ್ನೊಂದು ರಾತ್ರಿ ಆ ಬಚ್ಚಲುಮನೆಯ ಲೈನಿನ ವಾಲ್ವ್ ಮಾತ್ರ ಮುಚ್ಚಿ ಹೋಲಿಸಿ.

ಗೀಜರಿನಿಂದ ಹೊರಡುವ ಬಿಸಿನೀರಿನ ಲೈನಿಗೆ ಐಎಸ್ 15778 ಗುರುತಿನ ಸಿಪಿವಿಸಿ ಪೈಪೇ ಇರಬೇಕು. ಅಗ್ಗವೆಂದು ಬಿಳಿ ಯುಪಿವಿಸಿ ಹಾಕಿದ್ದರೆ ಶಾಖಕ್ಕೆ ಮೆತ್ತಗಾಗಿ ಜೋಡಣೆ ಬಿಟ್ಟಿರುತ್ತದೆ. ಸಿಪಿವಿಸಿಯಲ್ಲೂ ಹಿತ್ತಾಳೆ ತಿರುಪಿನ (ಥ್ರೆಡ್) ಜೋಡಣೆಗೆ ಟೆಫ್ಲಾನ್ ಸುತ್ತಿ ಪೈಪ್ ರೆಂಚಿನಿಂದ ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಕೂದಲೆಳೆಯಷ್ಟು ಸೀಳುತ್ತದೆ. ಟ್ಯಾಂಕಿನ ಒತ್ತಡಕ್ಕೆ (6 ಮೀಟರ್ ಎತ್ತರಕ್ಕೆ ಬರುವುದು ಚದರ ಸೆಂಟಿಮೀಟರಿಗೆ 0.6 ಕಿಲೋ ಅಷ್ಟೇ) ವರ್ಷಗಟ್ಟಲೆ ಸುಮ್ಮನಿದ್ದು, ಪ್ರೆಶರ್ ಪಂಪ್ ಹಾಕಿಸಿದ ವಾರಕ್ಕೆ ಸೋರುತ್ತದೆ. ಆರ್‌ಸಿಸಿಬಿ ಬೀಳತೊಡಗಿದ್ದು ಪ್ರೆಶರ್ ಪಂಪ್ ಬಂದ ಮೇಲೆಯೇ ಎಂದಾದರೆ ಪಂಪಿನ ವೈರಿಂಗ್ ಜೊತೆಗೆ ಇದನ್ನೂ ನೋಡಿ.

ಕೆಳಮನೆ-ಮೇಲ್ಮನೆ ಗೊಂದಲ

ಬಾಡಿಗೆಗೆ ಕೊಟ್ಟ ಮನೆಗಳಲ್ಲಿ ಇದು ಸಾಮಾನ್ಯ. ಎರಡು ಮೀಟರು, ಎರಡು ಆರ್‌ಸಿಸಿಬಿ, ಆದರೆ ಮೆಟ್ಟಿಲ ದೀಪಕ್ಕೆ ಫೇಸ್ ಕೆಳಮನೆಯದು, ನ್ಯೂಟ್ರಲ್ ಮೇಲ್ಮನೆಯದು. 9 ವ್ಯಾಟಿನ ಎಲ್‌ಇಡಿಯಲ್ಲೇ 40 ಮಿಲಿ ಆಂಪಿಯರ್ ಹತ್ತಿರ ಹರಿಯುತ್ತದೆ, ಹಾಗಾಗಿ ಸ್ವಿಚ್ ಒತ್ತಿದರೆ ಎರಡೂ ಮನೆಯದು ಬೀಳಬಹುದು. ಎಲ್ಲೂ ಸೋರಿಕೆ ಇಲ್ಲ, ಲೆಕ್ಕ ತಪ್ಪಿದೆ ಅಷ್ಟೇ. ಸಂಪಿನ ಮೋಟಾರಿಗೆ ಎರಡು ಮೀಟರುಗಳ ನಡುವೆ ಚೇಂಜ್‌ಓವರ್ ಸ್ವಿಚ್ ಹಾಕಿರುವ ಕಡೆಯೂ ಹೀಗೆಯೇ. ಫೇಸ್ ಮಾತ್ರ ಬದಲಾಗಿ, ಎರಡು ಮನೆಯ ನ್ಯೂಟ್ರಲ್‌ಗಳು ಶಾಶ್ವತವಾಗಿ ಗಂಟುಬಿದ್ದಿರುತ್ತವೆ. ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವ ಡಬಲ್ ಪೋಲ್ ಚೇಂಜ್‌ಓವರ್ ಹಾಕಿಸಬೇಕು. ಯುಪಿಎಸ್‌ಗೆ ಕರೆಂಟು ಆರ್‌ಸಿಸಿಬಿಗಿಂತ ಮೊದಲೇ ಕೊಟ್ಟು, ಅದರ ದೀಪಗಳ ನ್ಯೂಟ್ರಲ್ ಆರ್‌ಸಿಸಿಬಿಯ ನಂತರದ ಲಿಂಕ್‌ಗೆ ಸೇರಿಸಿದ್ದರೂ ಇದೇ ಫಲ.

ಹೊರಗಿನ ದೀಪಗಳು

ಗೇಟಿನ ಕಂಬದ ದೀಪ, ತೋಟದ ದೀಪಗಳ ವೈರನ್ನು ಮಣ್ಣಿನಡಿ ಟೇಪ್ ಸುತ್ತಿ ಗಂಟು ಹಾಕಿದ್ದರೆ ಅದು ಒಂದು ಮಳೆಗಾಲದ ಬಾಳಿಕೆ. ಜೋಡಣೆ ನೆಲದ ಮೇಲೆ, ಐಪಿ 65 (ಧೂಳು, ನೀರು ನುಗ್ಗದ) ಬಾಕ್ಸಿನೊಳಗೆ, ವೈರು ಕೆಳಗಿನಿಂದ ಗ್ಲ್ಯಾಂಡ್ ಮೂಲಕ ಒಳಹೋಗುವಂತೆ ಇರಬೇಕು. ಟೆರೇಸಿನಿಂದ ಕೆಳಗಿಳಿಯುವ ಕಂಡ್ಯೂಟ್‌ನ ಬಾಯಿ ಮೇಲ್ಮುಖವಾಗಿದ್ದರೆ ಮಳೆನೀರು ಕೊಳವೆ ಹಿಡಿದು ನೇರವಾಗಿ ಹಾಲಿನ ಸ್ವಿಚ್ ಬೋರ್ಡಿಗೆ ಬರುತ್ತದೆ. ಎರಡು ಬೆಂಡ್ ಜೋಡಿಸಿ ಬಾಯಿ ನೆಲದ ಕಡೆ ತಿರುಗಿಸಿ. ಹೊರಗಿನ ಸರ್ಕ್ಯೂಟ್ ಇಡೀ ಮನೆಯ ಆರ್‌ಸಿಸಿಬಿ ಕೆಳಗೆ ಬರದಂತೆ, ಅದಕ್ಕೇ ಬೇರೆ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡೂ ಸೇರಿದ ಸಾಧನ) ಹಾಕಿಸಿದರೆ ಗೇಟ್ ದೀಪ ನೆನೆದಾಗ ಅಡುಗೆಮನೆ ಕತ್ತಲಾಗುವುದಿಲ್ಲ.

ಆರ್‌ಸಿಸಿಬಿಯನ್ನೇ ಕೊನೆಗೆ ಶಂಕಿಸುವುದು

ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ, ಆರ್‌ಸಿಸಿಬಿಯಿಂದ ಹೊರಹೋಗುವ ಎರಡೂ ವೈರು ಬಿಡಿಸಿ, ಮತ್ತೆ ಮೇನ್ ಹಾಕಿ ಏರಿಸಿದಾಗಲೂ ಅದು ಬಿದ್ದರೆ ಆಗ ಕೆಟ್ಟಿದೆ ಎನ್ನಬಹುದು. ಬದಲಿಯ ಮೇಲೆ ಐಎಸ್ 12640 ಗುರುತು, 30 ಮಿಲಿ ಆಂಪಿಯರ್ ಎಂದಿರಬೇಕು. ಅದರ ಆಂಪಿಯರ್ ಮುಂದಿರುವ ಮೇನ್ ಎಂಸಿಬಿಗಿಂತ ಕಡಿಮೆ ಇರಬಾರದು.

‘ಟಿ’ ಗುಂಡಿ ಒತ್ತಿದಾಗ ಬಿದ್ದರೆ ಸಾಧನ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಆ ಪರೀಕ್ಷೆಗೆ ಅರ್ತ್ ಬೇಕಿಲ್ಲ, ಹಾಗಾಗಿ ನೆಲದಲ್ಲಿ ತೋಡಿದ ಅರ್ತ್ ಕುಳಿ ಸರಿಯಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ದುರಸ್ತಿ ಮುಗಿದ ಮೇಲೆ ಗುಂಡಿ ಒಮ್ಮೆ ಒತ್ತಿ ನೋಡಿ, ಆಮೇಲೆ ತಿಂಗಳಿಗೊಮ್ಮೆ ಒತ್ತಿ. ಸಾಕೆಟ್‌ನಲ್ಲಿ ಅಳೆದ ನ್ಯೂಟ್ರಲ್-ಅರ್ತ್ ಓಮ್ ಅಂಕಿಯನ್ನು ತಾರೀಖಿನ ಜೊತೆ ಡಿಬಿ ಬಾಗಿಲಿನ ಒಳಬದಿಗೆ ಬರೆದು ಅಂಟಿಸಿ. ಮುಂದಿನ ಜೂನ್‌ನಲ್ಲಿ ಮತ್ತೆ ಬಿದ್ದಾಗ ಹೋಲಿಸಲು ಬೇಕಾಗುತ್ತದೆ.